ಮಗನಿಗೆ ಈಗಲೇ ದೊಡ್ಡ ಕ್ಯಾಮೆರಾ ಕೊಡಿಸಬೇಕೇ?

ಹನ್ನೊಂದು ವರ್ಷದ ಮಗ ಹೊತ್ತುಗೊತ್ತಿಲ್ಲದೆ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾನೆ, ಈ ಆಸಕ್ತಿ ಉಳಿದು ಬೆಳೆಯಬೇಕಾದರೆ ಒಳ್ಳೆಯ ಕ್ಯಾಮೆರಾ ಕೊಡಿಸಬೇಕೇ ಎಂದು ಹುಬ್ಬಳ್ಳಿಯಿಂದ ಕೇಳಿದ್ದೀರಿ. ಸದ್ಯಕ್ಕೆ ಬೇಡ ಎಂದೇ ನಾನು ಹೇಳುತ್ತೇನೆ.

ಗದಗಿನಲ್ಲಿ ನನ್ನ ಸೋದರಮಾವನವರದು ಒಂದು ಸಣ್ಣ ಸ್ಟುಡಿಯೋ ಇತ್ತು. 1986ರ ಬೇಸಿಗೆ ರಜೆಯಲ್ಲಿ ಅವರು ನನ್ನ ಕೈಗೆ ಹಳೆಯ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಕೊಟ್ಟು, ‘ಹನ್ನೆರಡಂದ್ರ ಹನ್ನೆರಡ, ಹದಿಮೂರನೇದು ಕೇಳಬ್ಯಾಡ’ ಎಂದರು. ಅದಕ್ಕೆ ಹಾಕುವ 120 ರೋಲಿನಲ್ಲಿ ಬರುತ್ತಿದ್ದುದೇ 12 ಚಿತ್ರ. ಫಿಲ್ಮಿನ ಮೇಲೆ ಎಷ್ಟು ಹೊತ್ತು ಬೆಳಕು ಬೀಳಬೇಕೆಂಬುದನ್ನು ನಿರ್ಧರಿಸುವ ಷಟರಿನ ವೇಗವನ್ನು ಬದಲಿಸುವ ಸೌಕರ್ಯ ಅದರಲ್ಲಿರಲಿಲ್ಲ.

ಮೊದಲ ರೋಲು ಹಾಕಿಕೊಂಡು, ಗದಗಿನಿಂದ ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿಗೆ ಹೋಗಿ, ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ ಎಂಬ ಮೆಟ್ಟಿಲುಬಾವಿಯನ್ನು ಸಂಜೆಯ ಹೊತ್ತಿನಲ್ಲಿ ತೆಗೆದೆ. ರೋಲು ತೊಳೆದ ಮೇಲೆ ಮಾವ ನನ್ನನ್ನು ಡಾರ್ಕ್ ರೂಮಿಗೆ ಕರೆದರು. ಕೆಂಪು ದೀಪದ ಕೆಳಗೆ, ಚಿತ್ರ ಮೂಡಿಸುವ ಡೆವಲಪರ್ ದ್ರಾವಣ ತುಂಬಿದ ತಟ್ಟೆಯಲ್ಲಿ, ನೆಗೆಟಿವ್ ಮೂಲಕ ಬೆಳಕು ಬಿಟ್ಟಿದ್ದ ಬಿಳಿಯ ಕಾಗದವನ್ನು ಮುಳುಗಿಸಿ ತಟ್ಟೆಯ ಒಂದು ಅಂಚನ್ನು ಮೆಲ್ಲಗೆ ಎತ್ತಿ ಇಳಿಸುತ್ತಿದ್ದಂತೆ ಗುಡಿಯ ಅಂಚು ಮೂಡಿತು, ಕಂಬಗಳು ಮೂಡಿದವು. ಮೆಟ್ಟಿಲುಗಳಿರಬೇಕಾದ ಕಡೆ ಮಾತ್ರ ಕಾಗದ ಕಪ್ಪಾಗುತ್ತಲೇ ಹೋಯಿತು. ನನಗೆ ಅಳು ಬಂದಿತ್ತು. ಮಾವ ಕಾಗದವನ್ನು, ಮೂಡಿದ ಚಿತ್ರವನ್ನು ಹಾಗೇ ಉಳಿಸುವ ಹೈಪೋ ದ್ರಾವಣಕ್ಕೆ ಹಾಕಿ, ‘ಬಿಸಿಲು ಬಾವ್ಯಾಗ ಇಳಿಯೂದು ಯಾವಾಗ, ನೋಡಿಕೊಂಡು ಬಾ’ ಎಂದಷ್ಟೇ ಹೇಳಿದರು.

ಮರುವಾರ ರೋಲಿಲ್ಲದೆ ಹೋಗಿ ಇಡೀ ದಿನ ಕುಳಿತೆ. ನಮ್ಮ ಕಡೆ ಏಪ್ರಿಲ್ ಕೊನೆಯ ಹೊತ್ತಿಗೆ ನಡುಹಗಲಿನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನಾದ್ದರಿಂದ ಬಿಸಿಲು ಆಳಕ್ಕಿಳಿಯುತ್ತದೆ. ಕಾಲಿಡುವ ಹಾಸು ಬೆಳಗಿ, ಅದರ ಕೆಳಗಿನ ಮುಖ ನೆರಳಾಗಿಯೇ ಉಳಿದು, ಒಂದೊಂದು ಮೆಟ್ಟಿಲೂ ಗೆರೆ ಎಳೆದಂತೆ ಬೇರೆಯಾಗಿ ಕಾಣುತ್ತದೆ. ಕ್ಯಾಮೆರಾವನ್ನು ಬದಲಿಸಲು ಬಾರದ್ದರಿಂದ ನಾನು ಹೋಗುವ ಹೊತ್ತನ್ನೇ ಬದಲಿಸಬೇಕಾಯಿತು. ನನ್ನ ಆಸಕ್ತಿ ನಿಜವಾಗಿ ಬೇರು ಬಿಟ್ಟಿದ್ದು ಅಂದು, ಒಂದೂ ಚಿತ್ರ ತೆಗೆಯದ ಆ ದಿನ.

ಧಾರವಾಡದಲ್ಲಿ ಪದವಿ ಓದುವಾಗ ಸೆಕೆಂಡ್ ಹ್ಯಾಂಡ್ ಜೆನಿಟ್ ಕ್ಯಾಮೆರಾ ಸಿಕ್ಕಿತು. ಅದರ ಬೆಳಕು ಅಳೆಯುವ ಮೀಟರನ್ನು ನಂಬದೆ, 100 ಐಎಸ್‌ಒ ಫಿಲ್ಮಿಗೆ ಬಿರುಬಿಸಿಲಿನಲ್ಲಿ ಲೆನ್ಸಿನ ಕಿಂಡಿ ಎಫ್16, ಷಟರಿನ ವೇಗ ಸೆಕೆಂಡಿನ 1/125 ಎಂಬ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡೆ.

ಎಡವಿದ್ದು ಡಿಜಿಟಲ್ ಬಂದ ಮೇಲೆ. ಉದ್ದನೆಯ ಲೆನ್ಸ್ ಕೊಂಡು, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ, ಒಂದೇ ಬೆಳಗಿನಲ್ಲಿ ಸಾವಿರಕ್ಕೂ ಹೆಚ್ಚು ಬಾರಿ ಒತ್ತಿದೆ. ಮನೆಗೆ ಬಂದು ನೋಡಿದರೆ ಬರೀ ಬೆನ್ನು, ಬಾಲ, ಎದುರು ಬಿಸಿಲಿಗೆ ಕಪ್ಪಾದ ರೆಕ್ಕೆ. ಬಾವಿಯ ಮುಂದೆ ಕುಳಿತ ಹಾಗೆ ಕೆರೆಯ ಮುಂದೆ ನಾನು ಕುಳಿತೇ ಇರಲಿಲ್ಲ. ಮುಂದಿನ ವಾರ ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟು ನೋಡಿದೆ. ಹಕ್ಕಿ ನೀರಿಗಿಳಿಯುವಾಗ ಗಾಳಿಗೆ ಎದುರಾಗಿ ಇಳಿಯುತ್ತದೆ. ಅಂದು ಮೂಡುಗಾಳಿ ಬೀಸುತ್ತಿತ್ತು. ಪೂರ್ವದ ದಂಡೆಯಲ್ಲಿ ನಿಂತವನಿಗೆ ಬಿಸಿಲೂ ಗಾಳಿಯೂ ಬೆನ್ನಿಗಿದ್ದು, ಹೊಲಗಳಲ್ಲಿ ಮೇಯ್ದು ಹಿಂತಿರುಗುವ ಹೆಬ್ಬಾತುಗಳು ಮುಖಾಮುಖಿಯಾಗಿ ಬರುತ್ತವೆ. ತಲೆಯ ಮೇಲಿನ ಎರಡು ಕಪ್ಪು ಪಟ್ಟೆಗಳು ಸ್ಪಷ್ಟವಾಗಿ ಬಂದ ನನ್ನ ಮೊದಲ ಚಿತ್ರ ಅಲ್ಲಿಯದು. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿದಾಗ ನಮ್ಮ ಮನೆಯಲ್ಲಿ ಹಬ್ಬದ ಅಡಿಗೆ ಮಾಡಿದ್ದೆವು.

ಆದ್ದರಿಂದ ಮಗನ ಬಳಿ ಮೊಬೈಲೇ ಇರಲಿ, ವಾರಕ್ಕೆ 12 ಚಿತ್ರ ಎಂಬ ಮಿತಿ ಇರಲಿ, ಅವುಗಳಲ್ಲಿ ಅವನೇ ಆರಿಸಿದ ಒಂದನ್ನು ಪ್ರಿಂಟ್ ಹಾಕಿಸಿಕೊಡಿ. ಕಾಗದದ ಮೇಲೆ ಬಂದ ಚಿತ್ರವನ್ನು ಮಕ್ಕಳು ನೋಡುವ ರೀತಿಯೇ ಬೇರೆ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ನಿಮ್ಮ ಊರಿನಲ್ಲೇ ಇದೆ. ಅದಕ್ಕೆ ನಾಲ್ಕೂ ದಿಕ್ಕಿಗೆ ಬಾಗಿಲುಗಳಿರುವುದರಿಂದ ಬೆಳಿಗ್ಗೆ ಒಂದು ಕಡೆಯಿಂದ, ಸಂಜೆ ಇನ್ನೊಂದು ಕಡೆಯಿಂದ ಬೆಳಕು ಒಳಗೆ ಬರುತ್ತದೆ. ಒಂದೇ ಕಂಬವನ್ನು ಬೇರೆ ಬೇರೆ ಹೊತ್ತಿನಲ್ಲಿ ತೆಗೆಯಲು ಹೇಳಿ. ‘ಒಳಗ ಕತ್ತಲ ಐತಿ, ಮೊಬೈಲಿನ್ಯಾಗ ಕಂಬದ ಕೆತ್ತನಿ ಬರವಲ್ದು’ ಎಂದು ಅವನಾಗಿಯೇ ಬಂದು ದೂರಿದ ದಿನ ಕ್ಯಾಮೆರಾದ ಅಂಗಡಿಗೆ ಕರೆದುಕೊಂಡು ಹೋಗಿ.