ಓದುಗರ ಪ್ರಶ್ನೆಗಳು: ಅರಮನೆಯ ಕಂಬ, ಅಂಗಳದ ಕಲ್ಲು

ಪ್ರಶ್ನೆ: ಶಿವಮೊಗ್ಗದಲ್ಲೇ ಹುಟ್ಟಿ ಬೆಳೆದಿದ್ದರೂ ತುಂಗಾ ತೀರದ ಶಿವಪ್ಪನಾಯಕನ ಅರಮನೆಯೊಳಗೆ ನಾನು ಒಮ್ಮೆಯೂ ಕಾಲಿಟ್ಟಿಲ್ಲ. ಈ ರಜೆಯಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅದನ್ನು ಕಟ್ಟಿಸಿದವನು ಶಿವಪ್ಪನಾಯಕನಲ್ಲ, ಹೈದರಾಲಿ ಎಂದು ನೆರೆಮನೆಯವರು ಹೇಳುತ್ತಾರೆ. ಮಕ್ಕಳು ಕೇಳಿದರೆ ಏನು ಹೇಳಲಿ? ಒಳಗೆ ನೋಡುವಂಥದ್ದು ಏನಿದೆ?
– ಓದುಗರು, ಶಿವಮೊಗ್ಗ

ಉತ್ತರ: ಮೊದಲು ಹೆಸರಿನ ವಿಷಯ. ಶಿವಪ್ಪನಾಯಕ ಕೆಳದಿ ಸಂಸ್ಥಾನವನ್ನು ಆಳಿದ್ದು 1645ರಿಂದ 1660ರವರೆಗೆ. ಅವನ ರಾಜಧಾನಿ ಬಿದನೂರು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ಆ ಸಂಸ್ಥಾನ ಕೊನೆಗೊಂಡಿತು. ಶಿವಮೊಗ್ಗದ ಅರಮನೆಯ ಮರದ ಕಂಬಗಳನ್ನೂ ಅವುಗಳ ನಡುವಣ ಅಲೆಯಲೆಯಾದ ಕಮಾನುಗಳನ್ನೂ ನೋಡಿದವರಿಗೆ ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಮತ್ತು ಬೆಂಗಳೂರು ಕೋಟೆಯ ಬಳಿ 1791ರಲ್ಲಿ ಮುಗಿದ ಟಿಪ್ಪುವಿನ ಅರಮನೆ ನೆನಪಾಗದೆ ಇರವು. ಆದ್ದರಿಂದಲೇ ಹಲವು ವಿದ್ವಾಂಸರು ಈಗ ನಿಂತಿರುವ ಕಟ್ಟಡವನ್ನು ಹದಿನೆಂಟನೆಯ ಶತಮಾನದ್ದು, ಹೈದರನ ಕಾಲದ್ದು ಎನ್ನುತ್ತಾರೆ. ನಿಮ್ಮ ನೆರೆಯವರ ಮಾತಿಗೆ ಆಧಾರವಿದೆ.

ಹಾಗೆಂದು ಜನ ಇಟ್ಟುಕೊಂಡ ಹೆಸರನ್ನು ತಪ್ಪೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗದ್ದೆ ತೋಟಗಳನ್ನು ಮಣ್ಣಿನ ಗುಣಕ್ಕೆ ತಕ್ಕಂತೆ ವಿಂಗಡಿಸಿ ಕಂದಾಯ ಗೊತ್ತುಮಾಡಿದ ‘ಶಿಸ್ತು’ ಎಂಬ ಪದ್ಧತಿಯಿಂದಾಗಿ ಅವನು ಇಂದಿಗೂ ನಮ್ಮ ಕಡೆಯ ರೈತರ ಬಾಯಲ್ಲಿ ಶಿಸ್ತಿನ ಶಿವಪ್ಪನಾಯಕ. ತನಗಿಂತ ಬಹಳ ಕಾಲದ ನಂತರದ ಕಟ್ಟಡಕ್ಕೂ ಅವನ ಹೆಸರು ಅಂಟಿಕೊಂಡಿದೆ ಎಂದರೆ ಜನರ ನೆನಪಿನಲ್ಲಿ ಅವನು ಎಷ್ಟು ಆಳವಾಗಿ ಉಳಿದಿದ್ದಾನೆ ಎಂಬುದು ತಿಳಿಯುತ್ತದೆ. ಮೊಮ್ಮಕ್ಕಳಿಗೆ ಎರಡನ್ನೂ ಹೇಳಿ: ಹೆಸರು ಊರಿನವರು ಕೊಟ್ಟದ್ದು, ಕಾಲವನ್ನು ಕಂಬ ಕಮಾನುಗಳೇ ಹೇಳುತ್ತವೆ. ಇಷ್ಟನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಅರ್ಥಮಾಡಿಕೊಳ್ಳುತ್ತಾರೆ.

ಇನ್ನು ಒಳಗೆ ಏನಿದೆ ಎಂಬ ಪ್ರಶ್ನೆ. ಇದು ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಆದರೆ ಇಲ್ಲಿನ ಮೊದಲ ಪ್ರದರ್ಶನ ವಸ್ತು ಕಟ್ಟಡವೇ ಎಂಬುದನ್ನು ಬಂದವರಲ್ಲಿ ಹೆಚ್ಚಿನವರು ಮರೆಯುತ್ತಾರೆ. ಬಾಗಿಲು ದಾಟಿದವರೇ ಗಾಜಿನ ಪೆಟ್ಟಿಗೆಗಳ ಕಡೆಗೆ ಹೋಗಬೇಡಿ. ದರ್ಬಾರು ಹಜಾರದ ನಡುವೆ ನಿಂತು ತಲೆಯೆತ್ತಿ ನೋಡಿ. ಆಮೇಲೆ ಒಂದು ಕಂಬದ ಬುಡದಲ್ಲಿ ಮಕ್ಕಳನ್ನು ಕುಕ್ಕರುಗಾಲಿನಲ್ಲಿ ಕೂರಿಸಿ, ಅಲ್ಲಿಂದ ಕಣ್ಣನ್ನು ನಿಧಾನವಾಗಿ ಮೇಲಕ್ಕೆ ಹಾಯಿಸಲು ಹೇಳಿ. ಅಜ್ಜಿಮನೆಯ ತೊಟ್ಟಿಯ ಕಂಬ ನೋಡಿದ ಮಕ್ಕಳಾದರೆ ಹೋಲಿಕೆ ತಾವಾಗಿಯೇ ಹೇಳುತ್ತಾರೆ. ಮಲೆನಾಡಿನ ಬಡಗಿ ಕಂಬವನ್ನು ಮಣ್ಣಿನಲ್ಲಿ ಹೂಳುವುದಿಲ್ಲ, ಕಲ್ಲಿನ ಪಾದದ ಮೇಲೆ ನಿಲ್ಲಿಸುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಸರುವ ಸೀಮೆಯಲ್ಲಿ ಮರಕ್ಕೆ ಮಣ್ಣು ತಾಗಿದರೆ ಗೆದ್ದಲಿಗೆ ದಾರಿ ಮಾಡಿಕೊಟ್ಟಂತೆ. ಅರಮನೆ ಕಟ್ಟಿದವನ ಕೈಯೂ ಮನೆ ಕಟ್ಟಿದವನ ಕೈಯೂ ಒಂದೇ ಮಳೆಗೆ ಅಂಜಿ ಕೆಲಸ ಮಾಡಿದವು ಎಂಬುದನ್ನು ನಾನು ಅಲ್ಲಿಗೆ ಹೋದಾಗಲೆಲ್ಲ ಯೋಚಿಸುತ್ತೇನೆ.

ಹಜಾರದಷ್ಟೇ ಹೊತ್ತನ್ನು ಅಂಗಳಕ್ಕೂ ಇಟ್ಟುಕೊಳ್ಳಿ. ಸುತ್ತಲಿನ ಊರುಗಳಿಂದ ತಂದ ಶಿಲ್ಪಗಳು, ಶಾಸನಗಳು, ಕಾಳಗದಲ್ಲಿ ಮಡಿದವರ ನೆನಪಿನ ವೀರಗಲ್ಲುಗಳು, ಸಹಗಮನ ಮಾಡಿದ ಹೆಣ್ಣುಮಕ್ಕಳ ನೆನಪಿನ ಮಾಸ್ತಿಕಲ್ಲುಗಳು ಅಲ್ಲಿವೆ. ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ಹೋಗಬೇಡಿ; ನೆತ್ತಿಯ ಮೇಲಿನ ಬೆಳಕಿನಲ್ಲಿ ಶಾಸನದ ಅಕ್ಷರಗಳು ಕಲ್ಲಿನೊಳಗೆ ಅಡಗಿಬಿಡುತ್ತವೆ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬೆಳಕು ಬಿದ್ದಾಗ ಒಂದೊಂದು ಗೀರಿಗೂ ನೆರಳು ಮೂಡಿ, ಏನೂ ಇಲ್ಲವೆಂದುಕೊಂಡ ಕಲ್ಲಿನಲ್ಲಿ ಸಾಲುಸಾಲಾಗಿ ಹಳಗನ್ನಡ ಎದ್ದು ಬರುತ್ತದೆ. ಮೋಡವಿದ್ದರೆ ಮೊಬೈಲಿನ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿದರೂ ಸಾಕು. ವಾರದ ರಜೆ ಯಾವ ದಿನವೆಂದು ಮೊದಲೇ ವಿಚಾರಿಸಿಕೊಂಡು ಹೊರಡಿ. ಮಕ್ಕಳನ್ನು ಮುಚ್ಚಿದ ಗೇಟಿನಿಂದ ಹಿಂದಕ್ಕೆ ಕರೆತರುವುದು ಕಷ್ಟ.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ಪ್ರವಾಸದಲ್ಲಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರೆ ಮಕ್ಕಳು ಹತ್ತು ನಿಮಿಷದಲ್ಲಿ ಎಲ್ಲವನ್ನೂ ನೋಡಿ ಮುಗಿಸಿ ಬಸ್ಸಿನ ಹತ್ತಿರ ಬಂದು ನಿಲ್ಲುತ್ತಾರೆ. ಏನು ಮಾಡಬೇಕು?
– ಓದುಗರು, ಭದ್ರಾವತಿ

ಉತ್ತರ: ಎಲ್ಲವನ್ನೂ ತೋರಿಸಬೇಡಿ. ಇಬ್ಬಿಬ್ಬರಿಗೆ ಒಂದೊಂದು ವಸ್ತುವನ್ನು ಒಪ್ಪಿಸಿ, ಕಾಗದ ಪೆನ್ಸಿಲ್ ಕೊಟ್ಟು, ಅರ್ಧ ಗಂಟೆ ಅದರ ಎದುರಿಗೇ ಕೂತು ಕಂಡದ್ದನ್ನು ಕಂಡಂತೆ ಬಿಡಿಸಲು ಹೇಳಿ. ಚಿತ್ರ ಚೆಂದವಾಗಬೇಕಿಲ್ಲ. ಬಿಡಿಸುವಾಗ ಕಣ್ಣು ನಿಲ್ಲುತ್ತದೆ. ವೀರಗಲ್ಲಿನಲ್ಲಿ ಕುದುರೆಯ ಕಾಲ ಕೆಳಗೆ ಬಿದ್ದಿರುವ ಮನುಷ್ಯ ಆಗ ಕಾಣುತ್ತಾನೆ. ಕಲ್ಲನ್ನು ಮುಟ್ಟಬಾರದೆಂಬ ನಿಯಮಕ್ಕೆ ಕಾರಣವನ್ನೂ ಹೇಳಿಬಿಡಿ: ಒಂದು ಬೆರಳಿನ ಜಿಡ್ಡು ಲೆಕ್ಕಕ್ಕಿಲ್ಲದಿರಬಹುದು, ಸಾವಿರ ಬೆರಳುಗಳ ಜಿಡ್ಡು ಅಕ್ಷರವನ್ನು ಮಸುಕಾಗಿಸುತ್ತದೆ.

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಕಪ್ಪು, ಅಂದರೆ ನೀರು ಬಸಿಯುವ ಕಾಲುವೆ, ತೆಗೆಯುವಾಗ ಎದೆಯೆತ್ತರದ ಚಪ್ಪಡಿಯೊಂದು ಸಿಕ್ಕಿದೆ. ಮೂರು ಸಾಲಿನಲ್ಲಿ ಗೊಂಬೆಗಳಿವೆ, ನಡುವಣ ಪಟ್ಟಿಗಳಲ್ಲಿ ಅಕ್ಷರಗಳಿದ್ದಂತೆ ಕಾಣುತ್ತದೆ. ತೊಳೆದು ಬಣ್ಣ ಹೊಡೆದು ಗೇಟಿನ ಹತ್ತಿರ ಸಿಮೆಂಟ್ ಹಾಕಿ ನಿಲ್ಲಿಸೋಣ ಎಂದು ಮಗ ಹೇಳುತ್ತಾನೆ. ಸರ್ಕಾರಕ್ಕೆ ತಿಳಿಸಿದರೆ ತೋಟವನ್ನೇ ಕಿತ್ತುಕೊಳ್ಳುತ್ತಾರೆ ಎಂದು ಊರಿನವರು ಹೆದರಿಸುತ್ತಾರೆ.
– ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಪತ್ರ ಓದಿ ನನಗೆ ಸಂತೋಷವೂ ಆತಂಕವೂ ಒಟ್ಟಿಗೇ ಆದವು. ನೀವು ವರ್ಣಿಸಿರುವುದು ವೀರಗಲ್ಲಿನ ಲಕ್ಷಣ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಸಾಲಿನಲ್ಲಿ ಕಾಳಗ: ಬಿಲ್ಲು ಬಾಗಿಸಿದವರು, ಕತ್ತಿ ಗುರಾಣಿ ಹಿಡಿದವರು, ಒಮ್ಮೊಮ್ಮೆ ಒಂದು ಮೂಲೆಯಲ್ಲಿ ಒತ್ತಾಗಿ ನಿಂತ ಹಸುಗಳು. ಹಸುಗಳಿದ್ದರೆ ಅದು ತುರುಗಾಳಗ, ಅಂದರೆ ಊರಿನ ದನಗಳನ್ನು ಹೊಡೆದುಕೊಂಡು ಹೋದವರನ್ನು ತಡೆಯಲು ಹೋಗಿ ಸತ್ತವನ ಕಲ್ಲು. ಊರನ್ನು ಉಳಿಸಲು ಸತ್ತದ್ದಾದರೆ ಊರಳಿವು, ಹೆಣ್ಣಿನ ಮಾನಕ್ಕಾಗಿ ಹೋರಾಡಿದ್ದಾದರೆ ಪೆಣ್ಬುಯ್ಯಲ್ ಎಂದು ಶಾಸನಗಳೇ ಕರೆಯುತ್ತವೆ. ನಡುವಿನ ಸಾಲಿನಲ್ಲಿ ಅಪ್ಸರೆಯರು ವೀರನನ್ನು ಇಕ್ಕೆಲದಲ್ಲಿ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನ ಸಾಲಿನಲ್ಲಿ ಅವನು ಸಾಮಾನ್ಯವಾಗಿ ಲಿಂಗದ ಎದುರು ಕೈಮುಗಿದು ಕೂತಿರುತ್ತಾನೆ. ನೆತ್ತಿಯಲ್ಲಿ ಸೂರ್ಯ ಚಂದ್ರರು, ಅವರಿರುವವರೆಗೂ ಈ ನೆನಪಿರಲಿ ಎಂಬ ಅರ್ಥದಲ್ಲಿ. ‘ಜಿತೇನ ಲಭ್ಯತೇ ಲಕ್ಷ್ಮೀ, ಮೃತೇನಾಪಿ ಸುರಾಂಗನಾ’ ಎಂದು, ಗೆದ್ದರೆ ಸಿರಿ, ಸತ್ತರೆ ಸುರಾಂಗನೆ ಎಂಬ ಶ್ಲೋಕವನ್ನು ಇಂಥ ಎಷ್ಟೋ ಕಲ್ಲುಗಳ ಮೇಲೆ ಕೆತ್ತಿದ್ದಾರೆ. ಅರಸರ ಹೆಸರು ತಾಮ್ರಪಟಗಳಲ್ಲಿಯೂ ಉಳಿಯುತ್ತದೆ. ದನ ಕಾಯುತ್ತಿದ್ದವನ ಹೆಸರು ಉಳಿಯುವುದಿದ್ದರೆ ಅದು ಇಂಥ ಕಲ್ಲಿನಲ್ಲಿ ಮಾತ್ರ.

ಆದ್ದರಿಂದ ದಯವಿಟ್ಟು ಬಣ್ಣ ಹೊಡೆಯಬೇಡಿ. ತಂತಿಯ ಬ್ರಷ್, ಆ್ಯಸಿಡ್, ಸೋಪಿನ ಪುಡಿ ಯಾವುದೂ ಬೇಡ. ಮಣ್ಣು ಒಣಗಿದ ಮೇಲೆ ಮೆತ್ತನೆಯ ತೆಂಗಿನ ನಾರಿನಿಂದ ಕೊಡವಿದರೆ ಸಾಕು. ಬೇರೆ ಕಡೆಗೆ ಸಾಗಿಸಲು ಜೆಸಿಬಿ ತರಿಸಬೇಡಿ. ಸಿಮೆಂಟಿನಲ್ಲಿ ಹೂತರೆ ಕೆಳಗಿನ ಪಟ್ಟಿಯ ಅಕ್ಷರ ಮತ್ತೆಂದಿಗೂ ಓದಲು ಸಿಗುವುದಿಲ್ಲ, ಸಿಮೆಂಟಿನ ಉಪ್ಪು ಕಲ್ಲನ್ನೂ ತಿನ್ನುತ್ತದೆ. ಕಲ್ಲು ಎಲ್ಲಿ, ಯಾವ ಆಳದಲ್ಲಿ, ಯಾವ ದಿಕ್ಕಿಗೆ ಮುಖಮಾಡಿತ್ತು ಎಂಬುದನ್ನು ಬರೆದಿಟ್ಟು, ಓರೆ ಬೆಳಕಿನಲ್ಲಿ ನಾಲ್ಕಾರು ಚಿತ್ರ ತೆಗೆದು, ತಹಸೀಲ್ದಾರರಿಗೂ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ ಬರಹದಲ್ಲಿ ತಿಳಿಸಿ. ತೋಟದ ಚಿಂತೆಯನ್ನು ಬಿಡಿ: ಯಾವ ಜಾಗವೂ ಕಲ್ಲೊಂದು ಸಿಕ್ಕಿತೆಂಬ ಮಾತ್ರಕ್ಕೆ ಸಂರಕ್ಷಿತ ಸ್ಮಾರಕವಾಗುವುದಿಲ್ಲ, ಅದಕ್ಕೆ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಬೇಕು. ಯಾರಾದರೂ ಕೊಳ್ಳುತ್ತೇನೆಂದು ಬಂದರೆ ಬಾಗಿಲಿನಿಂದಲೇ ಕಳುಹಿಸಿಬಿಡಿ. ಪುರಾತನ ಶಿಲ್ಪಗಳ ವ್ಯಾಪಾರಕ್ಕೆ 1972ರ ಕಾಯ್ದೆಯಂತೆ ಲೈಸೆನ್ಸ್ ಬೇಕು, ಅವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತೆಯೇ ಇಲ್ಲ.

ನಿಮ್ಮ ಕಲ್ಲು ಈ ಮೊದಲೇ ಯಾರ ಕಣ್ಣಿಗಾದರೂ ಬಿದ್ದಿತ್ತೇ ಎಂದು ತಿಳಿಯುವ ದಾರಿಯೂ ಇದೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್ ಅವರು ಊರೂರುಗಳಿಂದ ಸಂಗ್ರಹಿಸಿದ ಶಾಸನಗಳಲ್ಲಿ ಶಿವಮೊಗ್ಗ ಜಿಲ್ಲೆಯವು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಮತ್ತು ಎಂಟನೆಯ ಸಂಪುಟಗಳಲ್ಲಿ, 1902 ಮತ್ತು 1904ರಲ್ಲಿ ಅಚ್ಚಾದವು. ತೀರ್ಥಹಳ್ಳಿ ತಾಲ್ಲೂಕು ಎಂಟನೆಯದರಲ್ಲಿದೆ. ಊರಿನ ಹೆಸರಿನ ಕೆಳಗೆ ಹುಡುಕಿ. ಸಿಗದಿದ್ದರೆ ನಿಮ್ಮ ತೋಟದಲ್ಲಿರುವುದು ಇನ್ನೂ ಯಾರೂ ಓದದ ಬರಹವಾಗಿರಬಹುದು.

ಒಂದು ಮಾತು ಮಾತ್ರ ಇಲಾಖೆಯವರೊಡನೆ ಪಟ್ಟುಹಿಡಿದು ಹೇಳಿ. ಕಲ್ಲನ್ನು ಸಂಗ್ರಹಾಲಯಕ್ಕೆ ಒಯ್ಯುವುದಾದರೆ ಫಲಕದಲ್ಲಿ ನಿಮ್ಮ ಊರಿನ ಹೆಸರು ಇರಬೇಕು. ಕೆಲವು ವರ್ಷಗಳ ಹಿಂದೆ ಒಂದು ಸಂಗ್ರಹಾಲಯದಲ್ಲಿ, ಸಾಲಾಗಿ ನಿಲ್ಲಿಸಿದ ಹದಿನೈದು ಇಪ್ಪತ್ತು ಕಲ್ಲುಗಳ ಮುಂದೆ ‘ವೀರಗಲ್ಲು, 12ನೇ ಶತಮಾನ’ ಎಂಬ ಒಂದೇ ಬರಹ ಕಂಡಿದ್ದೆ. ಜೊತೆಗಿದ್ದ ಹಿರಿಯರೊಬ್ಬರು ತಮ್ಮ ಊರಿನ ಕೆರೆ ಏರಿಯಿಂದ ಒಯ್ದ ಕಲ್ಲನ್ನು ಅವುಗಳಲ್ಲಿ ಹುಡುಕುತ್ತ ಎರಡು ಸುತ್ತು ಹಾಕಿದರು. ಕೊನೆಗೆ ಒಂದರ ಮುಂದೆ ನಿಂತು, ‘ಇದೇ ಇರಬೇಕು, ಕುದುರೆಯ ಕಿವಿ ಮುರಿದಿತ್ತು’ ಎಂದರು. ಅವರ ಮುಖ ನನಗೆ ಇನ್ನೂ ಮರೆತಿಲ್ಲ.

ಪ್ರಶ್ನೆ: ವಿಧಾನಸೌಧದ ಒಳಗೆ ಸಾಮಾನ್ಯ ಜನರು ಹೋಗಿ ನೋಡಬಹುದೇ? ಹೊಸನಗರದಿಂದ ಬೆಂಗಳೂರಿಗೆ ಹೋದಾಗ ಪ್ರತಿ ಸಲ ರಸ್ತೆಯಿಂದಲೇ ಕೈಮುಗಿದು ಬರುತ್ತೇವೆ.
– ಓದುಗರು, ಹೊಸನಗರ

ಉತ್ತರ: ಹೋಗಬಹುದು. 2025ರ ಜೂನ್‌ನಿಂದ ಪ್ರವಾಸೋದ್ಯಮ ಇಲಾಖೆ ಮಾರ್ಗದರ್ಶಕರೊಡನೆ ನೋಡುವ ವ್ಯವಸ್ಥೆ ಮಾಡಿದೆ. ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಬೇಕು, ಗುರುತಿನ ಚೀಟಿ ಜೊತೆಗಿರಲಿ. ಅದು ಶುರುವಾದದ್ದು ಭಾನುವಾರ ಮತ್ತು ಎರಡನೆಯ, ನಾಲ್ಕನೆಯ ಶನಿವಾರಗಳಿಗೆ. ಅಧಿವೇಶನದಂಥ ಕಾರಣಗಳಿಂದ ದಿನ ಬದಲಾಗಬಹುದಾದ್ದರಿಂದ ನೋಡಿಕೊಂಡು ಬಸ್ಸು ಹತ್ತಿ. ನೆಹರೂ ಅವರು 1951ರಲ್ಲಿ ಅಡಿಗಲ್ಲು ಇಟ್ಟ, ಕೆಂಗಲ್ ಹನುಮಂತಯ್ಯನವರು ಕನಸು ಕಂಡ ಆ ಕಟ್ಟಡ ಮುಗಿದದ್ದು 1956ರಲ್ಲಿ. ಒಳಗೆ ಹೋದಾಗ ಸಚಿವ ಸಂಪುಟದ ಸಭಾಂಗಣದ ಶ್ರೀಗಂಧದ ಬಾಗಿಲನ್ನು ಕೇಳಿ ನೋಡಿ. ಸಾಗರ, ಸೊರಬಗಳ ಗುಡಿಗಾರರ ಗಂಧದ ಕೆತ್ತನೆಯನ್ನು ಕಂಡು ಬೆಳೆದ ನಿಮಗೆ ಅದರ ಕುಸುರಿ ಬೇಗ ಹಿಡಿಸುತ್ತದೆ. ಸರ್ಕಾರಿ ಲಾಂಛನದಲ್ಲಿರುವ ಗಂಡಭೇರುಂಡವೂ ನಮ್ಮ ಜಿಲ್ಲೆಗೆ ಹೊಸದಲ್ಲ: ಬಳ್ಳಿಗಾವಿಯ 1047ರ ಕಂಬದ ತುದಿಯಲ್ಲಿ ಅದಿದೆ, ಕೆಳದಿ ದೇವಾಲಯದ ಛಾವಣಿಯಲ್ಲಿಯೂ ಇದೆ. ಬೆಂಗಳೂರಿಗೆ ಹೋಗುವ ಮೊದಲು ಆ ಎರಡನ್ನು ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಊರಿನ ಸರ್ಕಾರಿ ಕಚೇರಿಯೊಂದರ ಗೋಡೆಗೆ ಹಸೆ ಚಿತ್ತಾರ ಬರೆಸಿದ್ದಾರೆ. ಹೊಳೆಯುವ ಎನಾಮಲ್ ಬಣ್ಣ, ನಡುವೆ ಕಣ್ಣು ಮೂಗು ಇರುವ ಮದುಮಕ್ಕಳು. ನನ್ನ ಅಮ್ಮ ನೋಡಿ, ‘ಇದು ನಮ್ಮ ಚಿತ್ತಾರ ಅಲ್ಲ’ ಎಂದರು. ನಾವು ಆಕ್ಷೇಪಿಸುವುದು ಸರಿಯೇ?
– ಓದುಗರು, ಸಾಗರ

ಉತ್ತರ: ನಿಮ್ಮ ತಾಯಿಯ ಮಾತು ಸರಿ, ಆಕ್ಷೇಪಿಸುವುದೂ ಸರಿ. ಆದರೆ ಗೋಡೆಯನ್ನು ಅಳಿಸಿ ಎಂದು ಹೇಳುವುದಕ್ಕಿಂತ ಅದನ್ನು ಬರೆಯಬಲ್ಲವರಿಗೆ ಕೊಡಿ ಎಂದು ಕೇಳಿ. ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳ ಈ ಚಿತ್ತಾರ ಮದುವೆಯಲ್ಲಿ ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಗೆ ಸೇರಿದ್ದು. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳುಪು, ಹುರಿದು ಕರಿಯಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ನಾರಿನ ತುದಿಯನ್ನು ಬಣ್ಣದಲ್ಲಿ ಅದ್ದಿ, ಎಳೆಯನ್ನು ಗೋಡೆಗೆ ಆನಿಸಿ ಎಳೆದಾಗ ಗೆರೆ ಎಷ್ಟು ಸಣ್ಣಗೆ, ಎಷ್ಟು ನೇರವಾಗಿ ಬರುತ್ತದೆಂದರೆ ಪಕ್ಕದ ಗೆರೆಗೂ ಅದಕ್ಕೂ ನಡುವೆ ಅಕ್ಕಿಕಾಳು ತೂರುವಷ್ಟೇ ಜಾಗ ಉಳಿಯುತ್ತದೆ. ಅಲ್ಲಿ ಮದುಮಕ್ಕಳಿಗೆ ಮುಖ ಬರೆಯುವುದಿಲ್ಲ, ಅವರು ಗೆರೆ ತ್ರಿಕೋನಗಳಲ್ಲೇ ಮೂಡುತ್ತಾರೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಚರಗ, ಅಂದರೆ ಭೂಮಿಗೆ ಅರ್ಪಿಸುವ ಅಡುಗೆ, ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಕೈಯ ಕೆಲಸವಿರುತ್ತದೆ.

ಹೊರಗೋಡೆಗೆ ಅಕ್ಕಿಹಿಟ್ಟಿನ ಬಣ್ಣ ಬಳಿದರೆ ಆಷಾಢದ ಮಳೆಗೆ ನಿಲ್ಲುವುದಿಲ್ಲ ಎಂಬುದೂ ನಿಜ. ಹಾಗಾಗಿ ಹೊರಗಿನ ಗೋಡೆಗೆ ಬಾಳಿಕೆಯ ಬಣ್ಣವನ್ನು ಬಳಸಿದ್ದನ್ನು ನಾನು ತಪ್ಪೆನ್ನಲಾರೆ. ತಪ್ಪಾದದ್ದು ಗೆರೆ ಗೊತ್ತಿಲ್ಲದವರಿಗೆ ಕೆಲಸ ಒಪ್ಪಿಸಿದ್ದರಲ್ಲಿ. ಕಚೇರಿಯವರಿಗೆ ಬರೆಯುವ ಮನವಿಯಲ್ಲಿ ಮೂರು ವಿಷಯ ಕೇಳಿ. ಮಳೆ ತಾಗದ ಒಳಗಿನ ಒಂದು ಗೋಡೆಯನ್ನು ಕೆಮ್ಮಣ್ಣಿಗೆ ಬಿಟ್ಟುಕೊಡಲಿ. ನಿಮ್ಮ ತಾಯಿಯಂಥವರನ್ನು ಕರೆಸಿ, ಕೂಲಿಯ ಲೆಕ್ಕದಲ್ಲಲ್ಲದೆ ಕಲಾವಿದರಿಗೆ ಸಲ್ಲುವ ಸಂಭಾವನೆ ಕೊಟ್ಟು ಬರೆಸಲಿ. ಬರೆದು ಮುಗಿದ ದಿನ ಗೋಡೆಯ ಮೂಲೆಯಲ್ಲಿ ಅವರ ಹೆಸರನ್ನೂ ಊರನ್ನೂ ಅದೇ ಬಿಳಿ ಬಣ್ಣದಲ್ಲಿ ಅವರ ಕೈಯಿಂದಲೇ ಬರೆಸಲಿ.