ನಾಲ್ಕು ಎಕರೆ ಕಾಫಿ ಇದ್ದರೆ ಬೂರ್ಜ್ವಾನಾ?

ಪ್ರಶ್ನೆ: ನಮಗೆ ನಾಲ್ಕು ಎಕರೆ ರೊಬಸ್ಟಾ ಇದೆ. ಮೈಸೂರಿನಲ್ಲಿ ಓದುವ ಮಗ ರಜೆಗೆ ಬಂದವನು ಊಟಕ್ಕೆ ಕೂತಾಗ ‘ಅಪ್ಪ, ನೀವು ಪಕ್ಕಾ ಬೂರ್ಜ್ವಾ’ ಅಂದ. ಅರ್ಥ ಕೇಳಿದರೆ ನಗುತ್ತಾನೆ. ಇದು ಬೈಗುಳವೇ?
– ಒಬ್ಬ ಬೆಳೆಗಾರ, ಸುಂಟಿಕೊಪ್ಪ

ಉತ್ತರ: ಹುಟ್ಟುವಾಗ ಬೈಗುಳ ಆಗಿರಲಿಲ್ಲ. ಫ್ರಾನ್ಸಿನಲ್ಲಿ ಪೇಟೆಯೊಳಗೆ ವ್ಯಾಪಾರ, ಕಸುಬು ಮಾಡಿಕೊಂಡಿದ್ದವರಿಗೆ ಆ ಹೆಸರಿತ್ತು. ಪಾದ್ರಿಗಳಲ್ಲ, ಹುಟ್ಟಿನಿಂದ ಸರದಾರರೂ ಅಲ್ಲ. ಕೈಯಲ್ಲಿ ದುಡ್ಡಿತ್ತು, ಮಾತಿಗೆ ಬೆಲೆ ಇರಲಿಲ್ಲ. 1789ರ ಕ್ರಾಂತಿಯಲ್ಲಿ ಮುಂದೆ ನಿಂತವರಲ್ಲಿ ಇವರ ಪೈಕಿಯ ವಕೀಲರೇ ಜಾಸ್ತಿ. 1848ರಲ್ಲಿ ಮಾರ್ಕ್ಸ್, ಎಂಗೆಲ್ಸ್ ತಮ್ಮ ಕಮ್ಯುನಿಸ್ಟ್ ಪ್ರಣಾಳಿಕೆ ಬರೆದ ಮೇಲೆ ಪದಕ್ಕೆ ಬೇರೆ ಖಾರ ಬಂತು: ಬಂಡವಾಳ ತನ್ನದು, ದುಡಿಮೆ ಕೂಲಿಯವರದು ಅನ್ನುವ ವರ್ಗ. ಆ ಎಂಗೆಲ್ಸ್ ತಾನೇ ಮ್ಯಾಂಚೆಸ್ಟರಿನಲ್ಲಿ ಅಪ್ಪನ ಪಾಲಿದ್ದ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿ, ಆ ದುಡ್ಡಿನಲ್ಲಿ ಮಾರ್ಕ್ಸ್ ಸಂಸಾರಕ್ಕೂ ಕಳಿಸುತ್ತಿದ್ದರು. ಮಗನಿಗೆ ಇದನ್ನು ಸುಮ್ನೆ ಹೇಳಿ ನೋಡಿ!

ನಿಮ್ಮ ವಿಷಯದಲ್ಲಿ ಎಕರೆ ಲೆಕ್ಕಕ್ಕಿಂತ ಹಣ್ಣು ಕೊಯ್ಯುವುದು ಯಾರು ಅನ್ನುವುದು ಮುಖ್ಯ. ಜನವರಿಯಲ್ಲಿ ನೀವೂ ಮನೆಯವರೂ ಗಿಡದ ಬುಡದಲ್ಲಿ ನಿಂತು, ಕಣದಲ್ಲಿ ಕಾಫಿ ಹರಡಿ, ಹದಿನೈದು ದಿನಕ್ಕೆ ನಾಲ್ಕು ಆಳು ಕರೆಯುವುದಾದರೆ ನೀವು ಕಿರು ಬೂರ್ಜ್ವಾ. ಸ್ವಂತ ಆಸ್ತಿಯೂ ಉಂಟು, ಸ್ವಂತ ಬೆವರೂ ಉಂಟು. ನೂರಾರು ಎಕರೆ, ಆಳುಗಳಿಗೆ ಸಾಲಾಗಿ ಕಟ್ಟಿದ ಲೈನ್ ಮನೆ, ಮೇಸ್ತ್ರಿ ಎಲ್ಲ ಇಲ್ಲಿ, ಮಾಲೀಕರು ಮಾತ್ರ ಬೆಂಗಳೂರಿನಲ್ಲಿ ಅಂದರೆ ಆಗ ನಿಮ್ಮ ಮಗನ ಮಾತು ಸರಿ.

ನಮ್ಮ ಕೊಡಗಿನಲ್ಲಿ ಜಮ್ಮಾ ಭೂಮಿ ಒಕ್ಕದ್ದು, ಅಂದರೆ ಒಂದೇ ಮನೆತನದ ಎಲ್ಲರದ್ದು. ಅರಸರಿಗೆ ಸೇವೆ ಮಾಡುವ ಕರಾರಿನ ಮೇಲೆ ಬಂದದ್ದು, ಬೇಕೆಂದಾಗ ಮಾರುವ ಸರಕಲ್ಲ. 1850ರ ದಶಕದಿಂದ ಬಿಳಿಯರು ಹಾಕಿದ ಎಸ್ಟೇಟುಗಳ ರೀತಿಯೇ ಬೇರೆ. ಅಲ್ಲಿ ಮಣ್ಣೂ ಬಂಡವಾಳ. ನೀವೂ ಬೆಳಗಾದರೆ ಲಂಡನ್ನಿನ ರೊಬಸ್ಟಾ ದರ ನೋಡುತ್ತೀರಿ, ಅಲ್ವಾ?

ನನ್ನಪ್ಪ ಸಿದ್ದಾಪುರದ ಕಡೆ ಒಂದು ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಸ್ವಂತಕ್ಕೆ ಒಂದು ಸೆಂಟ್ ಜಾಗ ಇರಲಿಲ್ಲ. ಸಂಜೆ ತೂಕದ ಹೊತ್ತಿಗೆ ಹಣ್ಣಿನ ಚೀಲ ಇಟ್ಟುಕೊಂಡು ಸಾಲು ನಿಂತವರು ಅಪ್ಪನ ಪೆನ್ನಿನ ತುದಿಯನ್ನೇ ನೋಡುತ್ತಿದ್ದರು. ಮಾಲೀಕರ ಜೀಪಿನ ಸದ್ದು ಕೇಳಿದರೆ ಅಪ್ಪ ಅದೇ ಪೆನ್ನನ್ನು ಜೇಬಿಗಿಟ್ಟು ಎದ್ದು ನಿಲ್ಲುತ್ತಿದ್ದರು. ಅವರದು ಯಾವ ವರ್ಗ? ನಿಮ್ಮ ಮಗನನ್ನು ಕೇಳಿ, ನನಗೂ ಒಂದು ಕಾಗದ ಹಾಕಿ.