ಹೆ ಶೌ ವು ಗೆಡ್ಡೆ: ಪುಡಿ ಕೊಡಬೇಡಿ, ಬಳ್ಳಿಗೂ ಅವಸರ ಬೇಡ

ಅಕ್ಕಾ, ಅಮ್ಮನ ನರೆಗೂದಲಿಗೆ ಅಂತ ಚೀನಾದ ‘ಹೆ ಶೌ ವು’ ಬಳ್ಳಿಯ ಗೆಡ್ಡೆಯ ಪುಡಿ ತರಿಸಿದ್ದೀರಿ, ಬಳ್ಳಿಯನ್ನು ಇಲ್ಲೇ ಬೆಳೆಸಬಹುದಾ ಅಂತಲೂ ಕೇಳಿದ್ದೀರಿ. ಮೊದಲು ಪುಡಿಯ ಮಾತು. ದಯವಿಟ್ಟು ಅಮ್ಮನಿಗೆ ಕೊಡಬೇಡಿ. ಶುರು ಮಾಡಿದ್ದರೆ ಇವತ್ತೇ ನಿಲ್ಲಿಸಿ.

ಈ ಗೆಡ್ಡೆ ಸೇವಿಸಿದವರಿಗೆ ಲಿವರ್ ಕೆಟ್ಟು ಕಾಮಾಲೆ ಬಂದದ್ದು ಒಂದೆರಡು ಸಲ ಅಲ್ಲ. 2006ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಕರು ಎಚ್ಚರಿಸಿದರು, 2014ರಲ್ಲಿ ಚೀನಾದವರೇ ಎಚ್ಚರಿಸಿದರು. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಯಾರಿಗೆ ಆಗುತ್ತದೆ ಅಂತ ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ. ಕಣ್ಣು ಹಳದಿ, ಮೂತ್ರ ಕಡುಬಣ್ಣ, ಮೈ ತುರಿಕೆ, ಊಟ ಸೇರದಿರುವುದು, ಇವುಗಳಲ್ಲಿ ಒಂದು ಕಂಡರೂ ಲಿವರಿನ ರಕ್ತಪರೀಕ್ಷೆ, ಅಂದರೆ ಎಲ್‌ಎಫ್‌ಟಿ ಮಾಡಿಸಿ. ಡಬ್ಬಿಯನ್ನೂ ಡಾಕ್ಟರಿಗೆ ತೋರಿಸಿ. ಕೂದಲು ಕಪ್ಪಾಗುವ ಮಾತು ಹೆಸರಿನಲ್ಲೇ ಇದೆ, ‘ಹೆಯವನ ಕಪ್ಪು ತಲೆ’ ಅಂತ ಅದರ ಅರ್ಥ: ಹೆ ಮನೆತನದ ಮುದುಕನೊಬ್ಬನ ತಲೆ ಇದನ್ನು ತಿಂದು ಕಪ್ಪಾಯಿತಂತೆ. ಕಥೆ ಚೆನ್ನಾಗಿದೆ, ಗಟ್ಟಿ ಪುರಾವೆ ಮಾತ್ರ ಇಲ್ಲ.

ಇನ್ನೊಂದು ಮುಖ್ಯ ಸಂಗತಿ. ಚೀನಾದಲ್ಲಿ ಹಸಿಯಾಗಿ ಒಣಗಿಸಿದ್ದು ಬೇರೆ ಮದ್ದು, ಬೇಯಿಸಿ ಹದ ಮಾಡಿದ್ದು ಬೇರೆ ಮದ್ದು. ಹಸಿಯದು ಭೇದಿ ಮಾಡಿಸುತ್ತದೆ. ಕೂದಲಿಗೆ, ಶಕ್ತಿಗೆ ಅಂತ ಕೊಡುವುದು ಹದ ಮಾಡಿದ್ದನ್ನು: 100 ಕೆ.ಜಿ. ಗೆಡ್ಡೆಗೆ 10 ಕೆ.ಜಿ. ಕಪ್ಪು ಸೋಯಾಕಾಳಿನ ಕಷಾಯ ಹಾಕಿ, ಕಬ್ಬಿಣದ ಪಾತ್ರೆ ಮುಟ್ಟಿಸದೆ, ಗೆಡ್ಡೆ ಒಳಗೂ ಹೊರಗೂ ಕಂದುಗಪ್ಪಾಗುವವರೆಗೆ ಬೇಯಿಸುತ್ತಾರೆ. ನಮ್ಮ ವೈದ್ಯರು ಕೇರುಬೀಜವನ್ನು ಶೋಧನೆ (ವಿಷ ತೆಗೆಯುವ ಸಂಸ್ಕಾರ) ಮಾಡದೆ ಕೊಡುವುದಿಲ್ಲವಲ್ಲ, ಹಾಗೆ. ಆನ್‌ಲೈನ್ ಪುಡಿ ಯಾವುದೆಂದು ಕಣ್ಣಲ್ಲಿ ತಿಳಿಯುವುದು ಕಷ್ಟ. ಹದ ಮಾಡಿದ್ದು ತಿಂದವರಿಗೂ ಲಿವರ್ ತೊಂದರೆ ಆಗಿದೆ, ಅದನ್ನೂ ಮರೆಯಬೇಡಿ. ಮನುಷ್ಯನಾಕಾರದ ‘ನೂರಾರು ವರ್ಷದ ಗೆಡ್ಡೆ’ ಅಂತ ಯಾರಾದರೂ ಮಾರಿದರೆ ಅದು ಮೋಸ. ಬೇರೆ ಗೆಡ್ಡೆಯನ್ನು ಅಚ್ಚಿನೊಳಗೆ ಬೆಳೆಸಿ ಆ ರೂಪ ತರಿಸುತ್ತಾರೆ. ನಿಜವಾದದ್ದನ್ನು ಅಡ್ಡ ಕೊಯ್ದರೆ ಮೋಡ ಹರಡಿದಂತೆ ಸುರುಳಿ ಸುರುಳಿ ಗುರುತು ಕಾಣುತ್ತದೆ. ನೋಡಲು ಬಹಳ ಚೆಂದ.

ಇನ್ನು ಬಳ್ಳಿ. ಎಲೆ ನಮ್ಮ ವೀಳ್ಯದೆಲೆಯ ಹಾಗೆ ಹೃದಯಾಕಾರ, ಹೂ ಬಿಳಿ, ಸಣ್ಣ, ಗೊಂಚಲು. ಕಾಂಡದ ತುಂಡಿನಿಂದಲೇ ಬರುತ್ತದೆ. ಗೆಡ್ಡೆ ಕೀಳಲು ಮೂರ್ನಾಲ್ಕು ವರ್ಷ ಕಾಯಬೇಕು, ಎಲೆ ಒಣಗಿದ ಮೇಲೆ. ಚಪ್ಪರದ ಅಂದಕ್ಕೆ ಬೇಕೆಂದರೆ ಅಡ್ಡಿಯಿಲ್ಲ, ಆದರೆ ವಿದೇಶದಿಂದ ಪಾರ್ಸೆಲ್‌ನಲ್ಲಿ ತುಂಡು ತರಿಸಬೇಡಿ. ಹೊರಗಿನ ಸಸ್ಯರೋಗ, ಕೀಟ ಬಾರದಂತೆ ತಡೆಯುವ ನಮ್ಮ ದೇಶದ 2003ರ ಸಸ್ಯ ಸಂಗರೋಧ ಆದೇಶದಂತೆ ನೆಡುವ ಸಾಮಗ್ರಿ ತರಲು ಆಮದು ಪರವಾನಗಿ, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಇಲ್ಲಿ ನರ್ಸರಿಯಲ್ಲಿ ಸಿಕ್ಕರೂ, ಎಲ್ಲೆಂದರಲ್ಲಿ ಹಬ್ಬದಂತೆ ಕುಂಡದಲ್ಲೇ ಇಡಿ. ಗೆಡ್ಡೆ ಮಾತ್ರ ಅಡುಗೆಮನೆಗೆ ಬರುವುದು ಬೇಡ.